ಅತ್ತರೆ ಕ್ಯಾನ್ಸರ್ ಜಾಸ್ತಿ ಆಗುತ್ತಾ ಮೇಡಂ?

ಹೆಸರು, ಊರು ಬಿಟ್ಟು ಬರೀತಿದೀನಿ. ಐವತ್ತರ ಆಸುಪಾಸಿನ ಹೆಂಗಸು, ಸ್ತನ ಕ್ಯಾನ್ಸರ್ ಮೂಳೆಗೆ ಹರಡಿತ್ತು. ನಾನೇನು ಕೇಳಿದ್ರೂ ಗಂಡನೇ ಉತ್ತರ ಕೊಡೋರು, "ಇವಳು ಮನಸ್ಸು ಗಟ್ಟಿ ಮಾಡ್ಕೊಳ್ಳಲ್ಲ ಮೇಡಂ, ಅದಕ್ಕೇ ಈ ಸಲದ ಸ್ಕ್ಯಾನ್ ಹಿಂಗ್ ಬಂದಿರೋದು" ಅಂತ. ಆಯಮ್ಮ ತಲೆ ಎತ್ತಲಿಲ್ಲ, ಸೆರಗಿನ ತುದಿ ಬೆರಳಿಗೆ ಸುತ್ತೋದು, ಬಿಚ್ಚೋದು, ಮತ್ತೆ ಸುತ್ತೋದು.

ಗಂಡನ್ನ ಸ್ವಲ್ಪ ಹೊರಗೆ ಕೂತ್ಕೊಳಿ ಅಂದೆ. ಆಮೇಲೆ ಬಾಯಿ ಬಿಟ್ರು. "ರಾತ್ರಿ ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅಳ್ತೀನಿ, ಅದಕ್ಕೇ ಹರಡ್ತಾ?" ನೋವಿನ ಮಾತ್ರೇನೂ ಒಂದಿನ ತಗೊಂಡು ಒಂದಿನ ಬಿಡ್ತಿದ್ರಂತೆ, ತಡ್ಕೊಂಡ್ರೆ ಗಟ್ಟಿ ಆಗ್ತೀನಿ ಅಂತ. ಕೇಳಿ ನನ್ನ ಹೊಟ್ಟೆ ಉರೀತು.

ಧೈರ್ಯವಾಗಿದ್ರೆ ಎರಡರಷ್ಟು ಬದುಕ್ತಾರೆ ಅಂತ ಗಂಡ ಎಲ್ಲೋ ಕೇಳಿದ್ರು. ಆ ಮಾತಿಗೊಂದು ಮೂಲ ಇದೆ. 1989ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನೋವೈದ್ಯ ಡೇವಿಡ್ ಸ್ಪೀಗಲ್, ಸ್ತನ ಕ್ಯಾನ್ಸರ್ ಹರಡಿದ್ದ 86 ಹೆಂಗಸರ ಅಧ್ಯಯನ ಪ್ರಕಟಿಸಿದ್ರು. ವಾರಕ್ಕೊಮ್ಮೆ ಗುಂಪಲ್ಲಿ ಕೂತು ಮಾತಾಡಿದವರು ಸರಾಸರಿ 36.6 ತಿಂಗಳು, ಉಳಿದವರು 18.9 ತಿಂಗಳು ಬದುಕಿದ್ರು. ಆದ್ರೆ 2001ರಲ್ಲಿ ಕೆನಡಾದ ಸಂಶೋಧಕರು ಇದನ್ನೇ 235 ಜನರಲ್ಲಿ ಮಾಡಿ ನೋಡಿದಾಗ ಆಯಸ್ಸಲ್ಲಿ ವ್ಯತ್ಯಾಸ ಬರ್ಲಿಲ್ಲ, ಮನಸ್ಸಿನ ಸಂಕಟ ಮತ್ತು ನೋವು ಕಡಿಮೆ ಆಯ್ತು. 2007ರಲ್ಲಿ ಸ್ಪೀಗಲ್ ಅವರೇ 125 ಜನರಲ್ಲಿ ಮತ್ತೆ ಮಾಡಿ ನೋಡಿದ್ರು, ಒಟ್ಟಾರೆ ಆಯಸ್ಸು ಹೆಚ್ಚಲಿಲ್ಲ. ಇನ್ನೊಂದು ವಿಷ್ಯ, ಆ ಗುಂಪುಗಳಲ್ಲಿ ಯಾರಿಗೂ ನಗ್ತಾ ಇರಿ ಅಂತ ಹೇಳಿಕೊಟ್ಟಿರ್ಲಿಲ್ಲ, ಸಾವಿನ ಭಯಾನೂ ಬಾಯಿಬಿಟ್ಟು ಹೇಳ್ಕೊಳೋಕೆ ಜಾಗ ಕೊಟ್ಟಿದ್ರು.

ಹಾಗಾಗಿ ಆಯಮ್ಮನಿಗೆ ನೇರವಾಗಿ ಹೇಳಿದೆ. ಅಮ್ಮಾ, ನೀವು ಅತ್ತಿದ್ದಕ್ಕೆ ಗಡ್ಡೆ ಬೆಳೀಲಿಲ್ಲ, ಇದು ನಿಮ್ಮ ತಪ್ಪಲ್ಲ. ಮಾತ್ರೆ ಡಾಕ್ಟರ್ ಹೇಳಿದ ಟೈಮಿಗೇ ತಗೊಳಿ, ಆದ್ರೂ ನೋವಿದ್ರೆ ಅವರಿಗೆ ಹೇಳಿ, ನೋವು, ಸಂಕಟ ಕಡಿಮೆ ಮಾಡೋ ಪ್ಯಾಲಿಯೇಟಿವ್ ವಿಭಾಗಕ್ಕೆ ಕಳ್ಸಿ ಅಂತ ಕೇಳಿ, ಅದು ಕೊನೆಗಾಲದವರಿಗೆ ಮಾತ್ರ ಅಲ್ಲ. ಎರಡು ವಾರ ನಿದ್ದೆ ಇಲ್ಲ, ಯಾವುದ್ರಲ್ಲೂ ಮನಸ್ಸಿಲ್ಲ ಅಂತಾದ್ರೆ ಅದು ಖಿನ್ನತೆ ಇರಬಹುದು, ಅದಕ್ಕೂ ಔಷಧಿ ಇದೆ.

ಗಂಡನ್ನ ಒಳಗೆ ಕರೆದು, "ಗಟ್ಟಿಯಾಗಿರು ಅನ್ನೋದು ಬಿಟ್ಟು, ನೋವು ಹತ್ತಕ್ಕೆ ಎಷ್ಟಿದೆ ಅಂತ ದಿನಾ ಕೇಳಿ ಬರ್ದಿಡಿ" ಅಂದೆ. ಅವರೂ ಹೆದರಿದ್ರು ಪಾಪ, ಕೈ ನಡುಗ್ತಿತ್ತು.

ಮೂರನೇ ಸಲ ಬಂದಾಗ ಅವರ ಜೇಬಲ್ಲಿ ಸಣ್ಣ ಡೈರಿ ಇತ್ತು. ತೆಗೆದು ಓದಿದ್ರು. "ಸೋಮವಾರ ಏಳು. ಗುರುವಾರ ನಾಲ್ಕು. ರಾತ್ರಿ ಇಬ್ರೂ ಅತ್ವಿ."