ತಮ್ಮನಿಗೆ ಮೆಡಿಕಲ್ ಬೋರ್ಡ್ ಶೇ. 25 ಅಂಗವೈಕಲ್ಯ ಅಂತ ಕೊಟ್ಟಿದೆ, ಅಂಗವಿಕಲರ ನಿರಾಮಯ ಆರೋಗ್ಯ ವಿಮೆ ಸಿಗಲ್ಲ ಅಂತಿದ್ದಾರೆ. ವಕೀಲರಿಗೆ ಕೊಡಲು ದುಡ್ಡಿಲ್ಲದವರು ಏನು ಮಾಡಬಹುದು?

ನಿಮ್ಮ ತಮ್ಮನಿಗೆ 19 ವರ್ಷ, ಚಿಕ್ಕಂದಿನಿಂದ ಬುದ್ಧಿ ಬೆಳವಣಿಗೆ ಕಡಿಮೆ, ಜೊತೆಗೆ ಫಿಟ್ಸ್ ಇದೆ ಎಂದು ಬರೆದಿದ್ದೀರಿ. ಬೋರ್ಡ್ ಶೇ. 25 ಕೊಟ್ಟಿದ್ದರಿಂದ ನಿರಾಮಯಕ್ಕೂ ಮಾಸಾಶನಕ್ಕೂ "ಶೇ. 40 ಆಗಲೇಬೇಕು" ಎಂದು ವಾಪಸ್ ಕಳಿಸಿದ್ದಾರೆ. ಇದಕ್ಕೆ ಮೇಲ್ಮನವಿ ಇದೆ. ವಕೀಲರೂ ಉಚಿತವಾಗಿ ಸಿಗುತ್ತಾರೆ. ನಾನು ತಾಲ್ಲೂಕು ಕಾನೂನು ಸೇವಾ ಸಮಿತಿಯ ಪ್ಯಾನೆಲ್ ವಕೀಲೆ. ಇಂಥ ಕಾಗದಗಳೇ ನನ್ನ ಟೇಬಲ್ ಮೇಲೆ ಹೆಚ್ಚು ಬರುತ್ತವೆ, ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಮೊದಲು ಆ 25 ಎಲ್ಲಿಂದ ಬಂತು ಎಂದು ತಿಳಿಯಿರಿ. ಬುದ್ಧಿ ಬೆಳವಣಿಗೆಯ ಪ್ರಮಾಣವನ್ನು ಅಳೆಯುವಾಗ ಐಕ್ಯೂ ಜೊತೆಗೆ, ದಿನನಿತ್ಯದ ಕೆಲಸವನ್ನು ಎಷ್ಟು ಸ್ವತಂತ್ರವಾಗಿ ಮಾಡುತ್ತಾರೆ ಎಂದು ನೋಡುವ ವಿಎಸ್‌ಎಂಎಸ್ (ವೈನ್‌ಲ್ಯಾಂಡ್ ಸೋಶಿಯಲ್ ಮೆಚ್ಯೂರಿಟಿ ಸ್ಕೇಲ್) ಎಂಬ ಪರೀಕ್ಷೆ ಮಾಡುತ್ತಾರೆ. ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯ ಪಟ್ಟಿಯಲ್ಲಿ ಇದರ ಅಂಕ 70ರಿಂದ 84ರೊಳಗೆ ಬಂದರೆ ಶೇ. 25, 55ರಿಂದ 69ರೊಳಗೆ ಬಂದರೆ ಶೇ. 50. ನಡುವೆ ಮೆಟ್ಟಿಲೇ ಇಲ್ಲ. ಅಂದರೆ 70 ಬಂದ ಹುಡುಗನಿಗೆ ಬಾಗಿಲು ಮುಚ್ಚುತ್ತದೆ, 69 ಬಂದವನಿಗೆ ತೆರೆಯುತ್ತದೆ. ಒಂದೆರಡು ಉತ್ತರ ಆಚೀಚೆ ಆದರೂ ಸಾಕು, ಮನೆಯವರ ಬದುಕೇ ಬೇರೆಯಾಗುತ್ತದೆ. 2024ರಲ್ಲಿ ಮಾರ್ಗಸೂಚಿ ಪರಿಷ್ಕಾರವಾಗಿದೆ, ನಿಮ್ಮ ತಮ್ಮನನ್ನು ಯಾವುದರ ಪ್ರಕಾರ ಅಳೆದಿದ್ದಾರೆ ಎಂಬುದನ್ನೂ ಕೇಳಿ.

ಈ ಪರೀಕ್ಷೆಯಲ್ಲಿ ಹೆಚ್ಚಿನ ಪ್ರಶ್ನೆಗಳಿಗೆ ಉತ್ತರ ಹೇಳುವವರು ಮನೆಯವರು. ಊಟ, ಬಟ್ಟೆ, ಓಡಾಟ, ಮಾತುಕತೆ, ದುಡ್ಡಿನ ವ್ಯವಹಾರ, ನಾಲ್ಕು ಜನರ ಜೊತೆ ಬೆರೆಯುವುದು, ಹೀಗೆ ದಿನನಿತ್ಯದ ಬದುಕಿನ ಮೇಲೇ ಪ್ರಶ್ನೆಗಳು. ನಮ್ಮ ತಾಯಂದಿರು ಎಡವುವುದೂ ಇಲ್ಲೇ. ಒಬ್ಬ ತಾಯಿಯನ್ನು ನೋಡಿದ್ದೇನೆ. "ಅಂಗಡಿಗೆ ಹೋಗ್ತಾನೇನಮ್ಮ?" ಎಂದು ಕೇಳಿದರೆ, "ಹೋಗ್ತಾನ್ ಸಾರ್, ಏನ್ ಹೇಳಿದ್ರೂ ತರ್ತಾನೆ" ಎಂದರು. ಸುಳ್ಳಲ್ಲ. ಆದರೆ ಅವರು ಚೀಟಿ ಬರೆದು, ದುಡ್ಡನ್ನು ಅದರಲ್ಲೇ ಮಡಚಿ ಕೈಗೆ ಕೊಡುತ್ತಿದ್ದರು. ಅಂಗಡಿಯವರು ಸಾಮಾನು, ಚಿಲ್ಲರೆ ಎರಡನ್ನೂ ಚೀಲಕ್ಕೆ ಹಾಕಿ ಕಳಿಸುತ್ತಿದ್ದರು. ಹತ್ತು ರೂಪಾಯಿ ನೋಟು ಯಾವುದು, ನೂರರದು ಯಾವುದು ಎಂದು ಹುಡುಗನಿಗೆ ಗೊತ್ತಿರಲಿಲ್ಲ. ಹತ್ತು ಜನರ ಎದುರು ಮಗನನ್ನು ಕಡಿಮೆ ಮಾಡಿ ಹೇಳಲು ಯಾವ ತಾಯಿಗೆ ಮನಸ್ಸು ಬರುತ್ತದೆ? ಆದರೆ ಹಾಳೆಯ ಮೇಲೆ "ಒಬ್ಬನೇ ಖರೀದಿ ಮಾಡುತ್ತಾನೆ" ಎಂದು ದಾಖಲಾಗಿಬಿಡುತ್ತದೆ.

ಆದ್ದರಿಂದ ಮೇಲ್ಮನವಿಗೆ ಮುಂಚೆ ಎರಡು ಕೆಲಸ ಮಾಡಿ. ಜಿಲ್ಲಾಸ್ಪತ್ರೆಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ತಮ್ಮನ ಪರೀಕ್ಷೆಯ ಅಂಕಪಟ್ಟಿ, ಬೋರ್ಡಿನ ಟಿಪ್ಪಣಿ ಎರಡರ ನಕಲನ್ನೂ ಕೇಳಿ. ಶುಲ್ಕ 10 ರೂಪಾಯಿ, ಬಿಪಿಎಲ್‌ನವರಿಗೆ ಅದೂ ಇಲ್ಲ. 30 ದಿನದೊಳಗೆ ಉತ್ತರ ಕೊಡಬೇಕು. ಮೇಲ್ಮನವಿಯನ್ನು ಯಾರಿಗೆ, ಎಷ್ಟು ದಿನದೊಳಗೆ ಸಲ್ಲಿಸಬೇಕು ಎಂಬುದನ್ನೂ ಅದೇ ಅರ್ಜಿಯಲ್ಲಿ ಕೇಳಿ. ಉತ್ತರಕ್ಕೆ ಕಾಯುತ್ತಾ ಗಡುವು ಮೀರಬಾರದು. ಸಂದೇಹ ಇದ್ದರೆ ಮೇಲ್ಮನವಿ ಸಲ್ಲಿಸಿ, ನಕಲುಗಳನ್ನು ಆಮೇಲೆ ಸೇರಿಸಿ.

ಎರಡನೆಯದು, ಒಂದು ನೋಟ್‌ಬುಕ್ ಇಟ್ಟು ತಮ್ಮನ ದಿನಚರಿ ಬರೆಯಿರಿ. ಹೊಗಳುವುದೂ ಬೇಡ, ಗೋಳೂ ಬೇಡ. ಗುಂಡಿ ಯಾರು ಹಾಕಿದರು, ಸ್ನಾನಕ್ಕೆ ನೀರು ಯಾರು ಹದ ಮಾಡಿದರು, ಬಸ್ ಹತ್ತಿಸಿದವರು ಯಾರು, ಮಾತ್ರೆ ಕೊಟ್ಟವರು ಯಾರು, ಫಿಟ್ಸ್ ಬಂದ ದಿನ ಯಾವುದು. ವಿಶೇಷ ಶಾಲೆಗೆ ಹೋಗಿದ್ದರೆ ಅಲ್ಲಿನ ಶಿಕ್ಷಕರಿಂದ, ನಿಮ್ಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಂದ ಒಂದೊಂದು ಪತ್ರ ಬರೆಸಿಕೊಳ್ಳಿ. ಫಿಟ್ಸ್‌ಗೆ ತಾಲ್ಲೂಕು ಆಸ್ಪತ್ರೆಯ ಮನೋಚೈತನ್ಯ ಕ್ಲಿನಿಕ್‌ನಲ್ಲಿ (ಸರ್ಕಾರದ ಮಾನಸಿಕ ಆರೋಗ್ಯ ಕ್ಲಿನಿಕ್) ತೋರಿಸುತ್ತಿದ್ದರೆ ಆ ಚೀಟಿಗಳನ್ನೂ ಸೇರಿಸಿ. ಮರುಪರೀಕ್ಷೆಯ ದಿನ ತಾಯಿಯವರ ಪಕ್ಕದಲ್ಲಿ ನೀವೂ ಕುಳಿತುಕೊಳ್ಳಿ, ನೋಟ್‌ಬುಕ್ ಕೈಯಲ್ಲಿರಲಿ.

ವಿಕಲಚೇತನರ ಹಕ್ಕುಗಳ ಕಾಯ್ದೆ, 2016ರ 58ನೇ ಕಲಂ ಪ್ರಮಾಣಪತ್ರದ್ದು, 59ನೇ ಕಲಂ ಅದರ ಮೇಲಿನ ಅಪೀಲಿನದ್ದು. ಅರ್ಜಿಯಲ್ಲಿ "ದಯವಿಟ್ಟು ಹೆಚ್ಚಿಸಿಕೊಡಿ" ಎಂದು ಬೇಡಬೇಡಿ. ಇಂಥ ಪ್ರಶ್ನೆಗೆ ಇಂಥ ಉತ್ತರ ದಾಖಲಾಗಿದೆ, ವಾಸ್ತವ ಹೀಗಿದೆ, ದಾಖಲೆ ಲಗತ್ತಿಸಿದೆ, ಮರುಪರೀಕ್ಷೆ ಮಾಡಿ ಎಂದು ಕೇಳಿ. ಕೌಂಟರಿನಲ್ಲಿ "ಆಗಲ್ಲ" ಎಂದರೆ ಅದನ್ನೇ ಬರೆದುಕೊಡಿ ಎನ್ನಿ. ಅವರು ಬರೆಯದಿದ್ದರೆ ನೀವೇ ಬರೆದು, ಒಂದು ಪ್ರತಿಗೆ ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ, ಅಥವಾ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಬಾಯಿಮಾತಿನಲ್ಲಿ ತಿರಸ್ಕರಿಸಿದ್ದನ್ನು ಮುಂದೆ ಎಲ್ಲೂ ಸಾಬೀತು ಮಾಡುವುದು ಕಷ್ಟ.

ಅಪೀಲು ಕದಲದಿದ್ದರೆ ಬೆಂಗಳೂರಿನಲ್ಲಿರುವ ರಾಜ್ಯ ವಿಕಲಚೇತನರ ಆಯುಕ್ತರಿಗೆ ದೂರು ಕೊಡಿ. ಸಾಕ್ಷಿಗಳನ್ನು ಕರೆಸಲು, ದಾಖಲೆ ತರಿಸಲು ಅವರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರ ಇದೆ. ಅವರ ಶಿಫಾರಸಿನ ಮೇಲೆ ಕ್ರಮ ಕೈಗೊಂಡು ಮೂರು ತಿಂಗಳೊಳಗೆ ಇಲಾಖೆ ತಿಳಿಸಬೇಕು, ಒಪ್ಪದಿದ್ದರೆ ಕಾರಣ ಕೊಡಬೇಕು. ಹೈಕೋರ್ಟಿನ ರಿಟ್ ಆಮೇಲಿನ ಮಾತು.

ವಕೀಲರ ವಿಷಯ. ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ, 1987ರ 12ನೇ ಕಲಂ ಪ್ರಕಾರ ಅಂಗವಿಕಲರು ಉಚಿತ ಕಾನೂನು ನೆರವಿಗೆ ಅರ್ಹರು, ಅದಕ್ಕೆ ಆದಾಯ ಮಿತಿಯ ಪ್ರಶ್ನೆ ಇಲ್ಲ. ನಿಮ್ಮ ತಾಲ್ಲೂಕು ಕೋರ್ಟ್ ಆವರಣದಲ್ಲೇ ಸಮಿತಿಯ ಕಚೇರಿ ಇರುತ್ತದೆ, ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ. ಅಪೀಲು ಬರೆಯುವುದಕ್ಕೇ ನೆರವು ಕೇಳಿ, ಕೇಸು ಹಾಕುವ ಹಂತ ಬರಲಿ ಎಂದು ಕಾಯಬೇಡಿ. ಈ ಸೌಲಭ್ಯ ಗೊತ್ತಿಲ್ಲದೆ ಸಾಲ ಮಾಡಿ ಏಜೆಂಟರಿಗೆ ದುಡ್ಡು ಕೊಟ್ಟವರನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ.

ಶೇ. 40 ಇಲ್ಲ ಎಂದರೆ ಯಾವ ಹಕ್ಕೂ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಯೋಜನೆಗಳಿಗೆ, ಮೀಸಲಾತಿಗೆ ಆ ಗೆರೆ ಇದೆ, ನಿಜ. ಆದರೆ ವಿಕಲಚೇತನರ ಹಕ್ಕುಗಳ ಕಾಯ್ದೆಯ 25ನೇ ಕಲಂ ಹೇಳುವ, ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಸಿಗುವ ಆದ್ಯತೆಯನ್ನು ಅಲ್ಲಿ ಶೇ. 40ಕ್ಕೆ ಕಟ್ಟಿಹಾಕಿಲ್ಲ. ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರಲ್ಲಿ, ಸೂಕ್ತ ಅನುಕೂಲ ಕಲ್ಪಿಸಲು ಶೇ. 40ರ ಷರತ್ತು ಹಾಕುವಂತಿಲ್ಲ ಎಂದಿದೆ. ಅದು ಪರೀಕ್ಷೆಯಲ್ಲಿ ಬರೆಯುವ ಸಹಾಯಕರನ್ನು ಕೇಳಿದ ಅಭ್ಯರ್ಥಿಯ ಪ್ರಕರಣವಾದರೂ, ಆ ತತ್ವವನ್ನು ನಿಮ್ಮ ಅರ್ಜಿಯಲ್ಲಿ ಉಲ್ಲೇಖಿಸಿ.

ನಿರಾಮಯ ಬಿಡಬಾರದ ಯೋಜನೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿ ಬೆಳವಣಿಗೆಯ ತೊಂದರೆ, ಬಹುವಿಧ ಅಂಗವೈಕಲ್ಯ ಇರುವವರಿಗೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ, ಥೆರಪಿ ಖರ್ಚನ್ನೂ ಸೇರಿಸಿಕೊಂಡು, ವಿಮೆ ಕೊಡುತ್ತದೆ. ಮೊದಲು ನೀವು ಖರ್ಚು ಮಾಡಿ, ಆಮೇಲೆ ಬಿಲ್ ಹಾಕಿ ಪಡೆಯಬೇಕು. ಹಾಗಾಗಿ ಮಾತ್ರೆಯ ಬಿಲ್, ಔಷಧಿ ಚೀಟಿ ಎಲ್ಲವನ್ನೂ ಕೂಡಿಡುವ ಅಭ್ಯಾಸ ಈಗಿನಿಂದಲೇ ಇರಲಿ.

ಅಪೀಲು ತೀರ್ಮಾನವಾಗುವವರೆಗೆ ತಮ್ಮನ ಚಿಕಿತ್ಸೆ ನಿಲ್ಲಬಾರದು. ನಿಮ್ಮದು ಬಿಪಿಎಲ್ ಕಾರ್ಡ್ ಆಗಿದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ, ಅದಕ್ಕೆ ಅಂಗವಿಕಲ ಪ್ರಮಾಣಪತ್ರ ಬೇಕಿಲ್ಲ. ಫಿಟ್ಸ್ ಮಾತ್ರೆಯನ್ನಂತೂ ದುಡ್ಡಿಲ್ಲ ಎಂದು ನೀವಾಗಿಯೇ ನಿಲ್ಲಿಸಬೇಡಿ, ಒಮ್ಮೆಲೇ ಬಿಟ್ಟರೆ ಜೀವಕ್ಕೇ ಅಪಾಯ. ಮುಗಿಯುವ ಮೊದಲೇ ತಾಲ್ಲೂಕು ಆಸ್ಪತ್ರೆಗೆ ಹೋಗಿ ಕೇಳಿ.