ಸದ್ದಿಲ್ಲದ ಕೆಲಸಕ್ಕೊಂದು ಮೂಲೆ

ಆಕೆಗೆ 36 ವರ್ಷ. ಮನೆ ಮೈಸೂರಿನಲ್ಲಿ, ನೌಕರಿ ಬೆಂಗಳೂರಿನ ಕಂಪನಿಯೊಂದರಲ್ಲಿ. ನೌಕರರ ಸಂಬಳದ ಲೆಕ್ಕ ನೋಡುತ್ತಾರೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಮನೆಗೆ ಬಂದ ಲ್ಯಾಪ್‌ಟಾಪ್ ಮತ್ತೆ ಆಫೀಸಿಗೆ ಹೋಗಲೇ ಇಲ್ಲ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆಯಿದೆ.

ನನ್ನ ಬಳಿಗೆ ಕಳಿಸಿದ್ದು ಮೂಳೆ ವೈದ್ಯರು. ಕತ್ತು, ಎಡಭುಜ ಎರಡೂ ನೋವು, ಎಕ್ಸ್‌ರೇಯಲ್ಲಿ ಮಾತ್ರ ಏನೂ ಇಲ್ಲ. ಮೊದಲ ಭೇಟಿಯಲ್ಲಿ ಹತ್ತು ನಿಮಿಷ ಕತ್ತಿನ ವಿಷಯವನ್ನೇ ಹೇಳಿದರು. ಆಮೇಲೆ ಇದ್ದಕ್ಕಿದ್ದಂತೆ, "ಮೇಡಂ, ಮೊನ್ನೆ ಮಗನಿಗೆ ಹೊಡೆದ್ಬಿಟ್ಟೆ. ಅವನು ಕೇಳಿದ್ದು ಪೆನ್ಸಿಲ್ ಅಷ್ಟೇ" ಎಂದು ಅತ್ತರು. ಇವತ್ತೇ ಅವನ ಹತ್ತಿರ ಕೂತು ತಪ್ಪಾಯ್ತು ಅಂತ ಹೇಳಿ, ಉಳಿದದ್ದು ಆಮೇಲೆ ಎಂದೆ.

ಕೆಲಸ ಮಾಡುತ್ತಿದ್ದದ್ದು ಡೈನಿಂಗ್ ಟೇಬಲ್ ಮೇಲೆ. ಎರಡು ಬೆಡ್‌ರೂಮಿನ ಮನೆ. ಒಂದರಲ್ಲಿ ಗಂಡ ಬಾಗಿಲು ಹಾಕಿಕೊಂಡು ಕೂರುತ್ತಾರೆ, ಅವರದೂ ಮನೆಯಿಂದಲೇ ಕೆಲಸ. ಇನ್ನೊಂದು ಅತ್ತೆಯ ರೂಮು. ಟೇಬಲ್ಲಿನ ಫೋಟೊ ಕಳಿಸಲು ಹೇಳಿದ್ದೆ. ಲ್ಯಾಪ್‌ಟಾಪಿನ ಒಂದು ಪಕ್ಕ ಉಪ್ಪಿನಕಾಯಿ ಜಾಡಿ, ಇನ್ನೊಂದು ಪಕ್ಕ ಅರ್ಧ ಬಿಡಿಸಿದ ಅವರೆಕಾಯಿಯ ಮೊರ. ಕೀಬೋರ್ಡಿನ ಮೇಲೂ ಎರಡು ಸಿಪ್ಪೆ ಬಿದ್ದಿದ್ದವು.

ಒಂದು ದಿನ ಎಷ್ಟು ಸಲ ಏಳುತ್ತೀರಿ, ಯಾಕೆ ಏಳುತ್ತೀರಿ, ಬರೆದುಕೊಂಡು ಬನ್ನಿ ಎಂದೆ. ಒಂದೇ ಮಂಗಳವಾರ 23 ಸಲ. ಸಿಲಿಂಡರಿನವನು, ಕೊರಿಯರ್, ಅತ್ತೆಯ ಮಾತ್ರೆ, ಗಂಡನ ಕಾಫಿ, ಪಕ್ಕದ ಮನೆಯವರು ಬಿಟ್ಟುಹೋದ ಬೀಗದ ಕೈ. ಕರೆದವರೆಲ್ಲರ ಬಾಯಲ್ಲೂ ಒಂದೇ ಮಾತು: "ಹೇಗೂ ಮನೇಲೇ ಇದ್ದೀಯಲ್ಲ."

ನೋವು ನೋಡಲಾರದೆ ಗಂಡ ಹನ್ನೆರಡು ಸಾವಿರ ಕೊಟ್ಟು ಕುರ್ಚಿ ತಂದಿದ್ದರು. ಅದರ ಕೈಗಳು ಡೈನಿಂಗ್ ಟೇಬಲ್ಲಿನ ಅಡಿಗೆ ಹೋಗಲಿಲ್ಲ. ಕುರ್ಚಿ ಕೊನೆಗೆ ಅವರ ರೂಮನ್ನೇ ಸೇರಿತು. ಕುರ್ಚಿಗಿಂತ ಮೊದಲು ಜಾಗ ಬೇಕಿತ್ತು, ಜಾಗ ಬೇಕು ಅಂತ ಬಾಯಿಬಿಟ್ಟು ಕೇಳಬೇಕಿತ್ತು. ಇಷ್ಟು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಅತ್ತೆ ಏನಂದುಕೊಳ್ಳುತ್ತಾರೋ ಎಂಬ ಅಳುಕು.

ಮೂರನೇ ಭೇಟಿಗೆ ಮೂವರನ್ನೂ ಕರೆದೆ. ಅತ್ತೆಯ ಬಗ್ಗೆ ನನ್ನ ಮನಸ್ಸಿನಲ್ಲೂ ಆಗಲೇ ಒಂದು ಅಭಿಪ್ರಾಯ ಕೂತಿತ್ತು, ಅದು ತಪ್ಪು. ಸೊಸೆ ಪಟ್ಟಿಯನ್ನು ಓದಿ ಮುಗಿಸಿದ ಮೇಲೆ ಅವರು ತುಂಬ ಹೊತ್ತು ಸೆರಗಿನ ಅಂಚು ತಿರುವುತ್ತ ಕೂತಿದ್ದರು. "ನಾನು ಇಪ್ಪತ್ತು ವರ್ಷ ರವಿಕೆ ಹೊಲಿದೋಳು. ಮಷೀನ್ ಸದ್ದು ಕೇಳ್ತಿದ್ರೆ ಯಾರೂ ಕರೀತಿರ್ಲಿಲ್ಲ. ಇವಳ ಕೆಲಸಕ್ಕೆ ಸದ್ದೇ ಇಲ್ವಲ್ಲಮ್ಮ, ನಂಗೆ ಹೇಗೆ ಗೊತ್ತಾಗ್ಬೇಕು?"

ತಮ್ಮ ರೂಮಿನ ಕಿಟಕಿಯ ಪಕ್ಕ, ಹೊಲಿಗೆ ಮಷೀನ್ ಇದ್ದ ಮೂಲೆಯನ್ನು ಅವರೇ ಬಿಟ್ಟುಕೊಟ್ಟರು. ಸದ್ದಿನ ಬದಲು ದೀಪ ಇರಲಿ ಎಂದು ನಾನು ಸೂಚಿಸಿದೆ. ಟೇಬಲ್ ಲ್ಯಾಂಪ್ ಹತ್ತಿದ್ದರೆ ಮಷೀನ್ ಓಡುತ್ತಿದೆ ಅಂತ ಲೆಕ್ಕ. ಸಂಜೆ ಆರಕ್ಕೆ ದೀಪ ಆರಿಸಿ, ಲ್ಯಾಪ್‌ಟಾಪಿಗೆ ಬಟ್ಟೆ ಮುಚ್ಚಿ ಏಳಬೇಕು. ಆಮೇಲೆ ಆಫೀಸಿನ ಮೆಸೇಜು ನೋಡಬಾರದು.

ಇನ್ನು ಕತ್ತಿನ ವಿಷಯ. ಡೈನಿಂಗ್ ಟೇಬಲ್ಲು ಸಾಮಾನ್ಯವಾಗಿ 30 ಅಂಗುಲ ಎತ್ತರ. ಐದಡಿ ಒಂದಂಗುಲದ ಹೆಂಗಸು ಅದರ ಮೇಲೆ ಟೈಪ್ ಮಾಡಬೇಕಾದರೆ ಭುಜ ಎತ್ತಲೇಬೇಕು. ನನ್ನೆದುರು ಕೂತು ತೋರಿಸಿದಾಗ ಅವರ ಭುಜ ಕಿವಿಯ ಹತ್ತಿರಕ್ಕೆ ಬಂದಿತ್ತು. ಲ್ಯಾಪ್‌ಟಾಪಿನಲ್ಲಿ ಪರದೆ, ಕೀಬೋರ್ಡ್ ಅಂಟಿಕೊಂಡಿರುವುದರಿಂದ ಒಂದೋ ಕೈ ಎತ್ತಬೇಕು, ಇಲ್ಲವೇ ಸುಮಾರು 5 ಕೆ.ಜಿ. ತೂಗುವ ತಲೆಯನ್ನು ದಿನವಿಡೀ ಬಗ್ಗಿಸಬೇಕು. ಆದ್ದರಿಂದ ಲ್ಯಾಪ್‌ಟಾಪನ್ನು ದಪ್ಪ ಪುಸ್ತಕಗಳ ಮೇಲೆ ಏರಿಸಿ, ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ತನ್ನಿ, ಒಂದು ತೋಳಿನಷ್ಟು ದೂರ ಇಡಿ, ಬೇರೆ ಕೀಬೋರ್ಡು, ಮೌಸು ಬಳಸಿ ಎಂದೆ. ಮೇಜು ಮೊಣಕೈಯ ಮಟ್ಟಕ್ಕಿರಲಿ. ಕಾಲು ನೆಲಕ್ಕೆ ಎಟುಕದಿದ್ದರೆ ಊಟದ ಮಣೆಯೇ ಸಾಕು, ಹೊಸದು ಕೊಳ್ಳಬೇಡಿ. ಕಿಟಕಿ ಪಕ್ಕಕ್ಕಿದ್ದರೆ ಒಳ್ಳೆಯದು. ಎದುರಿಗಿದ್ದರೆ ಕಣ್ಣು ಕುಕ್ಕುತ್ತದೆ, ಬೆನ್ನಿಗಿದ್ದರೆ ಪರದೆ ಹೊಳೆಯುತ್ತದೆ. 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡ್ ನೋಡಿ. ಇವರಿಗೆ ಎದುರು ಮನೆಯ ತೆಂಗಿನಮರ ಸಿಕ್ಕಿತು. ಕೈ ಜೋಮು ಹಿಡಿದರೆ, ಹಿಡಿದ ಲೋಟ ಜಾರತೊಡಗಿದರೆ ನನಗೆ ಫೋನ್ ಮಾಡದೆ ನೇರ ವೈದ್ಯರ ಬಳಿ ಹೋಗಬೇಕು ಎಂದು ಎರಡು ಸಲ ಹೇಳಿದೆ.

ಒಂದು ತೊಡಕು ಉಳಿದಿತ್ತು. ಮಧ್ಯಾಹ್ನ ಎರಡರಿಂದ ನಾಲ್ಕು ಅತ್ತೆ ಮಲಗುವ ಹೊತ್ತು. ಎಪ್ಪತ್ತರ ಸಮೀಪದವರನ್ನು ಹಾಲಿಗೆ ಕಳಿಸುವುದು ನನಗೆ ಒಪ್ಪಿಗೆಯಿರಲಿಲ್ಲ. ಆ ಎರಡು ಗಂಟೆ ಗಂಡನ ರೂಮು, ಆ ಕುರ್ಚಿ ಹೆಂಡತಿಗೆ. ಗಂಡ ಡೈನಿಂಗ್ ಟೇಬಲ್ಲಿಗೆ ಎಂದೆ. ಅವರನ್ನು ಒಪ್ಪಿಸಲು ಇನ್ನೊಂದು ಭೇಟಿ ಹಿಡಿಯಿತು.

ತಿಂಗಳ ನಂತರ ದಂಪತಿ ಬಂದರು. ನೋವು ಅರ್ಧಕ್ಕರ್ಧ ಇಳಿದಿತ್ತು. ಲ್ಯಾಪ್‌ಟಾಪಿಗೆ ಈಗ ಮಷೀನಿಗೆ ಹಾಕುತ್ತಿದ್ದ ಕಸೂತಿ ಮುಸುಕು, ಅತ್ತೆಯೇ ಒಗೆದು ಕೊಟ್ಟದ್ದು. ಮಗ ದೀಪ ಆರುವವರೆಗೂ ಬಾಗಿಲಲ್ಲೇ ಕಾಯುತ್ತಾನಂತೆ. ಅದು ತಾಯಿಗೆ ಸಂಕಟ, ಹಾಗಾಗಿ ಅವನು ಸ್ಕೂಲಿಂದ ಬರುವ ಹೊತ್ತಿಗೆ ಕಾಲು ಗಂಟೆ ದೀಪ ಆರಿಸಲು ಹೇಳಿದೆ. ಹೊರಡುವಾಗ ಗಂಡ ಜೇಬಿನಿಂದ ಮಡಿಸಿದ ಚೀಟಿ ತೆಗೆದರು. ಯಾರೂ ಹೇಳದೆ ಅವರೇ ಬರೆದುಕೊಂಡಿದ್ದರು. "ಎರಡು ಗಂಟೇಲಿ ಒಂಬತ್ತು ಸಲ ಎದ್ದಿದೀನಿ ಮೇಡಂ."