ಒಳರಸ್ತೆಗೆ ಮೂವತ್ತು ಸಾಕು

ಓದುಗರ ಪತ್ರ: "ನಮ್ಮ ಮನೆಯೆದುರಿನ ಪಂಚಾಯತು ರಸ್ತೆಗೆ ಮೆಕ್ಕಾಡಂ ಡಾಮರು ಬಿದ್ದ ಮೇಲೆ ಬೈಕುಗಳ ಓಟ ವಿಪರೀತವಾಗಿದೆ. ಕೆಂಪುಕಲ್ಲಿನ ಲಾರಿಗಳೂ ಇದೇ ದಾರಿ ಹಿಡಿದಿವೆ. ಅಂಗನವಾಡಿಯ ಮಕ್ಕಳು ಈ ರಸ್ತೆ ದಾಟಿಯೇ ಹೋಗಬೇಕು. ಹಂಪ್ ಹಾಕಿಸೋಣ ಅಂದರೆ ನೆರೆಕರೆಯವರೇ ಬೇಡ ಅನ್ನುತ್ತಾರೆ. ಸೊಂಟನೋವಂತೆ, ಆಂಬುಲೆನ್ಸ್‌ಗೆ ತಡವಂತೆ. ಗಂಟೆಗೆ ಮೂವತ್ತು ಕಿ.ಮೀ. ಮಿತಿಯ ಬೋರ್ಡ್ ಕೇಳೋಣ ಅಂದರೆ ನಗುತ್ತಾರೆ. ನಾವೇ ನಾಲ್ಕು ಮಂದಿ ಸೇರಿ ಒಂದು ರಾತ್ರಿ ಸಿಮೆಂಟಿನ ಹಂಪ್ ಮಾಡಿಬಿಟ್ಟರೆ ತಪ್ಪೇ?"
— ನಿವೃತ್ತ ಅಧ್ಯಾಪಕರು, ಬದಿಯಡ್ಕ ಸಮೀಪ, ಕಾಸರಗೋಡು

ಸಂಪಾದಕರ ಉತ್ತರ:

ಮಾಷ್ಟ್ರೇ,

ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಹೌದು, ತಪ್ಪು. ಕಾನೂನಿನ ಮಾತು ಪಕ್ಕಕ್ಕಿರಲಿ. ರಾತ್ರಿ ಕದ್ದು ಹಾಕಿದ ಹಂಪ್ ಹೇಗಿರುತ್ತದೆ ಎಂದು ನಿಮಗೂ ಗೊತ್ತು. ಒಂದಡಿ ಅಗಲ, ಅರ್ಧ ಅಡಿ ಎತ್ತರ. ಬಣ್ಣ ಇಲ್ಲ, ಮುಂಚೆ ಒಂದು ಬೋರ್ಡೂ ಇಲ್ಲ. ನೀವು ಬೈಯುವ ಓಟಗಾರ ಹುಡುಗ ಎರಡೇ ದಿನದಲ್ಲಿ ಅದರ ಜಾಗ ಕಲಿತುಕೊಳ್ಳುತ್ತಾನೆ. ಬೀಳುವವನು ಬೇರೆ. ನಸುಕಿನಲ್ಲಿ ಸೊಸೈಟಿಗೆ ಹಾಲು ಹಾಕಲು ಹೊರಟವನು ಬೀಳುತ್ತಾನೆ. ಸ್ಕೂಟರಿನ ಹಿಂದೆ ಒಂದೇ ಬದಿಗೆ ಕಾಲು ಹಾಕಿ ಕುಳಿತ ಹೆಂಗಸು ಬೀಳುತ್ತಾಳೆ.

ಆದರೆ ಮೂವತ್ತು ಬೇಕು ಅನ್ನುವ ನಿಮ್ಮ ಮಾತು ನೂರಕ್ಕೆ ನೂರು ಸರಿ. ಅದಕ್ಕೆ ನಗುವವರಿಗೆ ಒಂದು ಲೆಕ್ಕ ತೋರಿಸಿ. ನೀವು ಪಾಠ ಹೇಳಿದವರು, ನಿಮಗೆ ಸುಲಭ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಬರುವ ಗಾಡಿ ಸೆಕೆಂಡಿಗೆ ಸುಮಾರು 14 ಮೀಟರ್ ಬರುತ್ತದೆ. ಮಗು ಗೇಟಿನಿಂದ ಓಡಿಬಂದದ್ದು ಕಣ್ಣಿಗೆ ಬಿದ್ದು ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡಾದರೂ ಬೇಕು. 30ರಲ್ಲಿ ಬರುವವನು ಆ ಒಂದು ಸೆಕೆಂಡಿನಲ್ಲಿ ಎಂಟು ಮೀಟರ್ ಬಂದು, ಬ್ರೇಕ್ ಹಾಕಿ, ಒಟ್ಟು 13 ಮೀಟರಿನೊಳಗೆ ನಿಂತುಬಿಡುತ್ತಾನೆ. ಒಣ ರಸ್ತೆ, ಒಳ್ಳೆ ಬ್ರೇಕ್ ಇದ್ದರೆ. 50ರವನಿಗೆ ಅದೇ 13 ಮೀಟರಿನಲ್ಲಿ ಕಾಲು ಬ್ರೇಕಿಗೆ ತಾಗಿರುವುದೂ ಇಲ್ಲ. ಒಬ್ಬ ನಿಂತು ಮಗುವನ್ನು ಗದರಿಸಿ ಮುಂದೆ ಹೋಗುತ್ತಾನೆ. ಇನ್ನೊಬ್ಬ ಅದೇ ಜಾಗದಲ್ಲಿ ಪೂರಾ ಐವತ್ತರ ಓಟದಲ್ಲೇ ಗುದ್ದುತ್ತಾನೆ. ಗುದ್ದುವ ಬಲವಾದರೂ ವೇಗದ ವರ್ಗಕ್ಕೆ ತಕ್ಕಂತೆ ಏರುವುದು. 30ರಿಂದ 50ಕ್ಕೆ ಹೋದರೆ ಅದು ಸುಮಾರು ಎರಡೂಮುಕ್ಕಾಲು ಪಟ್ಟು.

ಇನ್ನು ನಷ್ಟದ ಲೆಕ್ಕ. ನಿಮ್ಮ ಒಳರಸ್ತೆ ಒಂದು ಕಿಲೋಮೀಟರ್ ಅಂತಿಟ್ಟುಕೊಳ್ಳಿ. 50ರಲ್ಲಿ ಹೋದರೆ 72 ಸೆಕೆಂಡು, 30ರಲ್ಲಿ ಹೋದರೆ ಎರಡು ನಿಮಿಷ. ಉಳಿಯುವುದು 48 ಸೆಕೆಂಡು. ಮುಂದೆ ಪೇಟೆಯಲ್ಲಿ ಬೈಕ್ ನಿಲ್ಲಿಸಲು ಜಾಗ ಹುಡುಕುವಾಗ ಅದರ ಎರಡರಷ್ಟು ಹೋಗುತ್ತದೆ, ಅಲ್ವಾ?

2020ರ ಫೆಬ್ರವರಿಯಲ್ಲಿ ಸ್ಟಾಕ್‌ಹೋಮಿನಲ್ಲಿ ಸೇರಿದ ದೇಶಗಳೂ ಇದನ್ನೇ ಹೇಳಿದವು. ನಡೆಯುವವರು, ಸೈಕಲಿನವರು, ಗಾಡಿಗಳು ಒಟ್ಟಿಗೇ ಇರುವ ರಸ್ತೆಯಲ್ಲಿ 30ಕ್ಕಿಂತ ಜಾಸ್ತಿ ಬೇಡ ಎಂದು. ನಮ್ಮಲ್ಲಿ ಏನಿದೆ? ಕೇರಳದಲ್ಲಿ 2023ರ ಜುಲೈಯಿಂದ ಜಾರಿಗೆ ಬಂದ ವೇಗದ ಪಟ್ಟಿಯಲ್ಲಿ ನಗರದ ರಸ್ತೆಗಳಿಗೆ 50. ಹೆದ್ದಾರಿಯೂ ಅಲ್ಲದ, ನಗರವೂ ಅಲ್ಲದ 'ಇತರ ರಸ್ತೆ'ಗಳಲ್ಲಿ ಕಾರಿಗೆ 70! ಅಂದರೆ ಬೋರ್ಡೇ ಇಲ್ಲದ ನಿಮ್ಮ ರಸ್ತೆಯಲ್ಲಿ ಕಾರಿನವನೊಬ್ಬ 65ರಲ್ಲಿ ಹೋದರೆ ಪಟ್ಟಿಯ ಪ್ರಕಾರ ಅವನು ಮಿತಿ ಮೀರಿಲ್ಲ. ಅಪಾಯಕಾರಿ ಚಾಲನೆ ಎಂಬ ಬೇರೆ ಕಲಂ ಇದೆ, ಆದರೆ ಅದು ಕೆಲಸಕ್ಕೆ ಬರುವುದು ಹೆಚ್ಚಾಗಿ ಅಪಘಾತ ಆದ ಮೇಲೆ. ಆದ್ದರಿಂದ ಬೋರ್ಡ್ ಕೇಳುವುದು ಸುಮ್ನೆ ಅಲ್ಲ. ಸಾರ್ವಜನಿಕರ ಸುರಕ್ಷೆಗಾಗಿ ಒಂದು ರಸ್ತೆಗೆ ಕಡಿಮೆ ಮಿತಿ ಹಾಕುವ ಅಧಿಕಾರವನ್ನು ಮೋಟಾರು ವಾಹನ ಕಾಯ್ದೆಯ 112ನೇ ಕಲಂ ಕೊಟ್ಟಿದೆ. ಅದಕ್ಕೆ ಬೋರ್ಡ್ ನೆಡಲೇಬೇಕು. ಬೋರ್ಡ್ ಯಾವ ಭಾಷೆಯಲ್ಲಿ ಎಂಬ ನಮ್ಮೂರಿನ ಹಳೇ ತಕರಾರೂ ಇಲ್ಲಿಲ್ಲ. ಕೆಂಪು ಬಳೆಯೊಳಗೆ 30 ಅಂದರೆ ಎಲ್ಲರಿಗೂ ಗೊತ್ತು.

ಬೋರ್ಡನ್ನು ಯಾರು ನೋಡುತ್ತಾರೆ ಎಂಬ ನೆರೆಕರೆಯವರ ಮಾತಿನಲ್ಲೂ ಸತ್ಯ ಇದೆ. ಯಾರೂ ನೋಡುವುದಿಲ್ಲ, ರಸ್ತೆ ಬೇರೆಯೇ ಹೇಳುತ್ತಿದ್ದರೆ. ನಿಮ್ಮ ರಸ್ತೆ ಮೊದಲು ಹೇಗಿತ್ತು? ಹೊಂಡ, ಜಲ್ಲಿ, ಎರಡು ಗಾಡಿ ಎದುರಾದರೆ ಒಂದು ಬದಿಗೆ ಇಳಿಯಲೇಬೇಕು. ವೇಗ ತಾನಾಗಿಯೇ ಇಪ್ಪತ್ತಾಗಿತ್ತು. ಈಗ ಅಗಲ ಆಯಿತು, ನುಣ್ಣಗಾಯಿತು, ತಿರುವಿನ ಬರೆ ಕಡಿದು ನೇರ ಮಾಡಿದರು. ಒಳ್ಳೆಯದೇ, ಯಾರಿಗೂ ಹೊಂಡದ ರಸ್ತೆ ಬೇಡ. ಆದರೆ ಅಂಥ ರಸ್ತೆ ಓಡು ಓಡು ಅನ್ನುತ್ತದೆ. ಜತೆಗೆ ಷಟ್ಪಥದಲ್ಲಿ ಎಂಬತ್ತು ತೊಂಬತ್ತರಲ್ಲಿ ಬಂದವನು ಒಳರಸ್ತೆಗೆ ತಿರುಗಿದಾಗ ಐವತ್ತು ಅವನಿಗೆ ನಡೆದಂತೆ ಕಾಣುತ್ತದೆ. ಅವನು ಕೆಟ್ಟವನಾಗಬೇಕಿಲ್ಲ. ಕಣ್ಣು ಒಂದು ವೇಗಕ್ಕೆ ಒಗ್ಗಿದರೆ ಹಾಗೇ ಆಗುವುದು.

ಹಾಗಾಗಿ ಬೋರ್ಡಿನ ಜತೆ ರಸ್ತೆಯ ರೂಪವೂ ಬದಲಾಗಬೇಕು. ಮುಖ್ಯರಸ್ತೆಯಿಂದ ಒಳಗೆ ತಿರುಗುವ ಬಾಯಿಯನ್ನು ಕಿರಿದು ಮಾಡಿದರೆ ಗಾಡಿ ಅಲ್ಲೇ ನಿಧಾನ ಆಗುತ್ತದೆ. ಡಾಮರಿನ ಅಂಚಿನಲ್ಲಿ ನಡೆಯುವವರಿಗೆ ಜಾಗ ಬಿಟ್ಟು ಗೆರೆ ಎಳೆದು ಗೂಟ ನೆಟ್ಟರೆ ಓಡಿಸುವವನ ಪಾಲಿನ ಅಗಲ ಕಡಿಮೆಯಾಗುತ್ತದೆ. ಅಂಗನವಾಡಿಯ ಎದುರು ಬೇಕಾದದ್ದು ಬರೀ ಹಂಪ್ ಅಲ್ಲ, ಎತ್ತರಿಸಿದ ಚಪ್ಪಟೆ ದಾಟುಕಟ್ಟೆ. ಮಕ್ಕಳು ಅದರ ಮೇಲೆ ದಾಟುತ್ತಾರೆ, ಗಾಡಿ ಹತ್ತಿ ಇಳಿಯಬೇಕು. ಸಾಲು ಸಾಲು ಗೆರೆಗಳ ಗಡಗಡ ಪಟ್ಟಿ ಮಾತ್ರ ಮನೆಗಳ ಹತ್ತಿರ ಬೇಡ. ರಾತ್ರಿಯೆಲ್ಲ ಸದ್ದು ಕೇಳಿ ನೀವೇ ಮತ್ತೆ ನಮಗೆ ಪತ್ರ ಬರೆಯುತ್ತೀರಿ.

ಹಂಪಿಗೂ ಅಳತೆ ಇದೆ. ರಸ್ತೆಗಳ ಅಳತೆ ನಿಗದಿಮಾಡುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲೇ ಹೇಳಿದ್ದು: ಗಾಡಿ ಹೋಗುವ ದಿಕ್ಕಿಗೆ 3.7 ಮೀಟರ್, ನಡುವೆ ಎತ್ತರ 10 ಸೆಂಟಿಮೀಟರ್. ನಾಲ್ಕು ಇಂಚು ಏರಲು ಆರಡಿ, ಇಳಿಯಲು ಆರಡಿ. 25ರಲ್ಲಿ ದಾಟಿದರೆ ಸೊಂಟಕ್ಕೆ ಏನೂ ಆಗದು, ಐವತ್ತರಲ್ಲಿ ಹೋದವನಿಗೆ ಮಾತ್ರ ಪೆಟ್ಟು. 40 ಮೀಟರ್ ಮೊದಲೇ ಎಚ್ಚರಿಕೆಯ ಬೋರ್ಡ್, ಮೇಲೆ ಬಣ್ಣ. ಒಂದೇ ಹಂಪ್ ಹಾಕಿದರೆ ಅದನ್ನು ದಾಟಿ ಮತ್ತೆ ಓಡುತ್ತಾರೆ. 100ರಿಂದ 120 ಮೀಟರಿಗೊಂದು ಬೇಕು. ನಮ್ಮ ಮಳೆಗೆ ಇನ್ನೊಂದು ಮಾತು ಸೇರಿಸುತ್ತೇನೆ. ಎರಡೂ ಕಡೆ ನೀರು ಹರಿಯಲು ದಾರಿ ಬಿಡದಿದ್ದರೆ ಹಂಪ್ ಅಣೆಕಟ್ಟು ಆಗುತ್ತದೆ. ಜುಲೈಯೊಳಗೆ ಅದರ ಬುಡದಲ್ಲಿ ಹೊಂಡ ಗ್ಯಾರಂಟಿ. ನೆರೆಕರೆಯವರು ಹೆದರುವುದು ಹಂಪಿಗಲ್ಲ, ಅವರು ಈವರೆಗೆ ಕಂಡ ಕೆಟ್ಟ ಹಂಪುಗಳಿಗೆ.

ಆಂಬುಲೆನ್ಸ್ ಮಾತನ್ನು ನೆಪ ಅನ್ನಬೇಡಿ. ಅದು ನನಗೂ ತಾಗುತ್ತದೆ. ದೊಡ್ಡ ಕಾಯಿಲೆ ಅಂದರೆ ಮಂಗಳೂರಿಗೆ ಓಡಬೇಕಾದ ಊರು ನಮ್ಮದು. 2020ರಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ರೋಗಿಗಳ ಗತಿ ಏನಾಯಿತೆಂದು ಇಲ್ಲಿ ಯಾರೂ ಮರೆತಿಲ್ಲ. ಆದರೆ ಆ ಪ್ರಯಾಣದಲ್ಲಿ ನಿಮ್ಮ ಒಳರಸ್ತೆ ಒಂದು ಕಿಲೋಮೀಟರ್. ಅಲ್ಲಿ ಹೋಗುವುದು ಸೆಕೆಂಡುಗಳು. ಹತ್ತಾರು ಊರುಗಳ ಆಂಬುಲೆನ್ಸ್ ಓಡುವ ಮುಖ್ಯರಸ್ತೆಯಲ್ಲಿ ಹಂಪ್ ಕೇಳಿದ್ದರೆ ನಾನೂ ನೆರೆಕರೆಯವರ ಪರ ನಿಲ್ಲುತ್ತಿದ್ದೆ.

ಇನ್ನೊಂದು ಮಾತು, ಕಹಿಯಾದರೂ ಹೇಳಬೇಕು. ಓಡಿಸುವವರು ಯಾರೋ ಹೊರಗಿನವರು ಎಂಬ ಧಾಟಿ ನಿಮ್ಮ ಪತ್ರದಲ್ಲಿದೆ. ಒಳರಸ್ತೆಯಲ್ಲಿ ಹೊರಗಿನವರು ಎಷ್ಟು ಬರುತ್ತಾರೆ? ಕಲ್ಲಿನ ಲಾರಿ ನಮ್ಮವರ ಮನೆಗೇ ಕಲ್ಲು ತರುತ್ತದೆ. ಬೈಕಿನ ಹುಡುಗ ಯಾರ ಮನೆಯವನು ಎಂದು ಶಬ್ದ ಕೇಳಿಯೇ ನೀವು ಹೇಳಬಲ್ಲಿರಿ. ಅವನಿಗೆ ಹದಿನೆಂಟು ಆಗಿಲ್ಲದಿದ್ದರೆ ಬೈಕ್ ಕೊಟ್ಟ ಹೆತ್ತವರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು ಎಂದು 2019ರ ತಿದ್ದುಪಡಿಯಲ್ಲೇ ಇದೆ. ಮದುವೆ ಮನೆಯಲ್ಲಿ ಸಿಕ್ಕಾಗ ಆ ಹೆತ್ತವರ ಕಿವಿಗೆ ಒಮ್ಮೆ ಹಾಕಿ.

ವಿರೋಧ ಬಂತು ಅಂತ ಬೇಸರ ಬೇಡ. ಆಸ್ಟ್ರಿಯಾದ ಗ್ರಾಜ್ ನಗರ 1992ರಲ್ಲೇ ಮನೆಗಳಿರುವ ರಸ್ತೆಗಳಿಗೆಲ್ಲ 30 ಮಾಡಿತು. ಅದಾಗಿ ಮೂರು ದಶಕದ ಮೇಲೆ, 2023ರಲ್ಲಿ, ವೇಲ್ಸ್‌ನಲ್ಲಿ ಗಂಟೆಗೆ 20 ಮೈಲಿ, ಅಂದರೆ ಸುಮಾರು 32 ಕಿ.ಮೀ. ಮಾಡಿದಾಗ ಬೇಡ ಎಂದು ನಾಲ್ಕೂವರೆ ಲಕ್ಷಕ್ಕೂ ಜಾಸ್ತಿ ಸಹಿ ಬಿದ್ದವು. ನಿಮ್ಮ ಎದುರು ಇರುವುದು ನಾಲ್ಕಾರು ಮನೆ.

ಈಗ ಕೆಲಸದ ಮಾತು. ಕೇರಳದಲ್ಲಿ ಗ್ರಾಮಸಭೆ ಅಂದರೆ ವಾರ್ಡಿನ ಮತದಾರರೇ. ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಮನೆ ರಿಪೇರಿ ಸಹಾಯದ ಅರ್ಜಿ ಇದ್ದವರು ಮಾತ್ರ ಹೋಗುವ ಸಭೆ ಅಂತ ಆಗಿದೆ, ನೀವು ಹೋಗಿ. ಬೇಡ ಅನ್ನುವ ಮನೆಯವರನ್ನೂ ಕರೆದುಕೊಂಡು ಹೋಗಿ, ಹಂಪಿನ ಅಳತೆ ಅವರಿಗೇ ಓದಿ ಹೇಳಿ. 30ರ ಮಿತಿ, ಅಂಗನವಾಡಿ ಎದುರು ದಾಟುಕಟ್ಟೆ, ಬಾಯಿ ಕಿರಿದು ಮಾಡುವುದು, ಇಷ್ಟು ನಿರ್ಣಯದಲ್ಲಿ ಬರೆಸಿ. ಒಂದು ಪ್ರತಿ ಜಿಲ್ಲಾ ರಸ್ತೆ ಸುರಕ್ಷಾ ಸಮಿತಿಗೆ ಕೊಡಿ. ಜಿಲ್ಲಾಧಿಕಾರಿಯೇ ಅದರ ಅಧ್ಯಕ್ಷರು. ಅರ್ಜಿ ಕನ್ನಡದಲ್ಲೇ ಇರಲಿ. ಕನ್ನಡಿಗರು ಸರಕಾರಕ್ಕೆ ಕನ್ನಡದಲ್ಲಿ ಬರೆಯಬಹುದು ಎಂದು ಕೇರಳದ 1969ರ ಭಾಷಾ ಕಾಯ್ದೆ ಹೇಳುತ್ತದೆ.

ಅರ್ಜಿಯ ಇನ್ನೊಂದು ಪ್ರತಿ ನಮಗೂ ಕಳುಹಿಸಿ. ರಸ್ತೆಯ ಅಗಲ, ತಿರುವು, ಯಾವ ಗೇಟು ಎಲ್ಲಿ ಎಂದು ಕೈಯಲ್ಲೇ ಒಂದು ನಕ್ಷೆ ಬರೆದು ಜತೆಗಿಡಿ. ಪಂಚಾಯತಿನವರು ಕೊಡುವ ಉತ್ತರವನ್ನೂ ಇದೇ ಪುಟದಲ್ಲಿ ಹಾಕೋಣ.

— ಸಂಪಾದಕ